ಬೆಳಗ್ಗೆ ಏಳಕ್ಕೆ ವಿಸಿಟಿಂಗ್ ಕಾರ್ಡ್ ಹಿಡಿದು ಹೋದರೆ ಆರ್ಡರ್ ಸಿಗುತ್ತಾ? ಪುಣೆ, ಮುಂಬೈ ಕಡೆಯ ಸಣ್ಣ ಉದ್ಯಮದವರು ಹೇಳಿ

ಭೋಸರಿ ಲೇತ್
ಪುಣೆಯ ಭೋಸರಿ ಎಂಐಡಿಸಿಯಲ್ಲಿ (ಸರ್ಕಾರಿ ಕೈಗಾರಿಕಾ ಪ್ರದೇಶ) ನನ್ನದೊಂದು ಸಣ್ಣ ಗಾಳಾ, ಅಂದರೆ ಮಷಿನ್ ಶೆಡ್ಡು. ಎರಡು ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಿಲ್ಲಿಂಗ್ ಮಷಿನ್), ಒಂದು ಹಳೇ ಲೇತ್, ನಾನೂ ಸೇರಿ ಏಳು ಜನ. ಊರು ಗದಗ. ಪುಣೆಗೆ ಬಂದು ಹದಿನೆಂಟು ವರ್ಷ. ಹತ್ತು ವರ್ಷ ಬೇರೆಯವರ ಮಷಿನ್ ಓಡಿಸಿದೆ, ಎಂಟು ವರ್ಷದಿಂದ ಸ್ವಂತದ್ದು.

ನನಗೆ ಇರುವುದು ಮೂರೇ ಗಿರಾಕಿ. ಅದರಲ್ಲಿ ಒಬ್ಬರದ್ದೇ ಮುಕ್ಕಾಲು ಪಾಲು ಕೆಲಸ. ಅವರ ಲೈನ್ ಒಂದು ವಾರ ನಿಂತರೆ ನನ್ನ ಮಷಿನ್ ಮೇಲೆ ಧೂಳು ಕೂರುತ್ತದೆ.

ಹೋದ ವಾರ ಇನ್ಶೂರೆನ್ಸ್ ಮಾಡುವ ಪರಿಚಯದವರೊಬ್ಬರು ಒಂದು ಬಿಸಿನೆಸ್ ಗುಂಪಿಗೆ ಕರೆದುಕೊಂಡು ಹೋದರು. ಪ್ರತಿ ವಾರ ಬೆಳಗ್ಗೆ ಏಳಕ್ಕೆ ಹೋಟೆಲ್ಲಿನಲ್ಲಿ ಸಭೆ. ಒಂದು ಧಂಧೆಗೆ ಒಬ್ಬರೇ ಸದಸ್ಯರು. ಎಲ್ಲರೂ ಎದ್ದು ನಿಂತು ಒಂದು ನಿಮಿಷ ತಮ್ಮ ಬಗ್ಗೆ ಹೇಳಬೇಕು. ಆಮೇಲೆ ಚೀಟಿಯಲ್ಲಿ ಒಬ್ಬರಿಗೊಬ್ಬರು ರೆಫರೆನ್ಸ್ ಕೊಡುವುದು, ಚಪ್ಪಾಳೆ. ನನ್ನ ಸರದಿ ಬಂದಾಗ ಬಾಯಿ ಒಣಗಿ 'ನಾನು ಮಿಲ್ಲಿಂಗ್ ಮಾಡ್ತೀನಿ' ಅಂದು ಕೂತುಬಿಟ್ಟೆ. ಪಕ್ಕದವರು ಗೋಧಿ ಮಾತ್ರವಾ, ಬೇಸನ್ನೂ ಬೀಸ್ತೀರಾ ಅಂತ ಕೇಳಿದರು.

ವರ್ಷಕ್ಕೆ ಎಲ್ಲಾ ಸೇರಿ ಅರವತ್ತು ಸಾವಿರದ ಹತ್ತಿರ ಆಗುತ್ತದಂತೆ. ತಿಂಡಿ ಖರ್ಚು ಬೇರೆ. ಕಟ್ಟಲೇ? ಇನ್ನೊಂದು ಪ್ರಶ್ನೆ. ಇಷ್ಟೊಂದು ಕನ್ನಡದವರು ಇಲ್ಲಿ ಧಂಧೆ ಮಾಡುತ್ತೇವೆ, ನಮ್ಮದೇ ಒಂದು ಗುಂಪು ಯಾಕಿಲ್ಲ?

ಠಾಣೆ ಲೋಕಲ್
ಕಟ್ಟಬೇಡಿ. ಮುಗೀತು.

ಗಿರ್ಮಿಟ್
ಗದಗದವರು ಅಂದಮೇಲೆ ಗೋಧಿ ಬೀಸಿದರೂ ತಪ್ಪೇನಿಲ್ಲ ಬಿಡ್ರಿ.

ಜೋಳದ ರೊಟ್ಟಿ, ವಾಕಡ್
ಠಾಣೆ ಅಣ್ಣಾ, ಅಷ್ಟು ಬೇಗ ಬಾಗಿಲು ಹಾಕಬೇಡಿ. ನಾನು ಇಂಥದೇ ಒಂದು ಗುಂಪಿನಲ್ಲಿ ಎರಡು ವರ್ಷ ಇದ್ದೆ. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ನನ್ನ ಕೆಲಸ. ಹಿಂಜವಡಿಯ ಒಂದು ಐಟಿ ಕಂಪನಿಯ ಕ್ಯಾಂಟೀನ್ ಆರ್ಡರ್ ಸಿಕ್ಕಿದ್ದು ಅಲ್ಲಿಂದಲೇ. ಗುಂಪಿನಲ್ಲಿದ್ದ ಪೆಸ್ಟ್ ಕಂಟ್ರೋಲ್‌ನವರು ಅಲ್ಲಿನ ಅಡ್ಮಿನ್ ಸಾಹೇಬರಿಗೆ ನನ್ನ ಚಟ್ನಿ ಪುಡಿ ತಿನ್ನಿಸಿದರು. ಆ ಒಂದು ಆರ್ಡರಿನಲ್ಲೇ ಕಟ್ಟಿದ ದುಡ್ಡು ಮೂರು ಪಟ್ಟು ವಾಪಸ್ ಬಂತು.

ಆದರೆ ಬಿಟ್ಟೆ. ಯಾಕೆ ಅಂದರೆ ಬೆಳಗ್ಗೆ ಏಳು ಗಂಟೆ. ಆ ಹೊತ್ತಿಗೆ ನನ್ನ ತವೆ ಕಾಯ್ದಿರುತ್ತದೆ, ಮನೆಯಲ್ಲಿ ಇಬ್ಬರು ಮಕ್ಕಳ ಡಬ್ಬಿ ಆಗಬೇಕು. ಈ ಟೈಮ್ ಇಟ್ಟವರು ಯಾವತ್ತೂ ಅಡುಗೆ ಮಾಡಿರಲಿಕ್ಕಿಲ್ಲ. ಅಲ್ಲಿ ಮೂರು ಸಲ ಗೈರಾದರೆ ಎಚ್ಚರಿಕೆ ಪತ್ರ ಬರುತ್ತಿತ್ತು. ನನ್ನ ದುಡ್ಡು, ನನಗೇ ಎಚ್ಚರಿಕೆ!

ಠಾಣೆ ಲೋಕಲ್
ರೊಟ್ಟಿ ಅಕ್ಕಾ, ನಿಮಗೆ ಆಯಿತು ಒಪ್ಪುತ್ತೇನೆ. ನಿಮ್ಮ ಮಾಲನ್ನು ಯಾರು ಬೇಕಾದರೂ ತಿನ್ನಬಹುದು. ಇನ್ಶೂರೆನ್ಸ್, ಇಂಟೀರಿಯರ್, ಫೋಟೋಗ್ರಾಫರ್, ಅಡುಗೆ, ಇವರಿಗೆಲ್ಲಾ ಗುಂಪಿನ ನಲವತ್ತು ಜನವೂ ಗಿರಾಕಿಗಳೇ. ಭೋಸರಿ ಅಣ್ಣನ ಹತ್ತಿರ ಬ್ರ್ಯಾಕೆಟ್ ಮಿಲ್ ಮಾಡಿಸುವವರು ಆ ರೂಮಿನಲ್ಲಿ ಒಬ್ಬರೂ ಇರುವುದಿಲ್ಲ. ಅದಕ್ಕೇ ಹೇಳಿದ್ದು.

ರಿಟೈರ್ಡ್ ಪರ್ಚೇಸ್
ನಾನು ಪುಣೆಯಲ್ಲಿ ದೊಡ್ಡ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದವನು. ಟೇಬಲ್ಲಿನ ಈಚೆ ಬದಿಯಿಂದ ಸ್ವಲ್ಪ ಹೇಳುತ್ತೇನೆ.

ಕಾರ್ಡ್ ನೋಡಿ ಯಾರಿಗೂ ವೆಂಡರ್ ಕೋಡ್ (ಮಾಲು ಕೊಡುವವರ ಪಟ್ಟಿಯಲ್ಲಿ ಒಂದು ನಂಬರ್) ಕೊಟ್ಟ ನೆನಪು ನನಗಿಲ್ಲ. ನಾನು ನೋಡುತ್ತಿದ್ದದ್ದು ಎರಡು. ಮೊದಲ ಪೀಸ್ ಕಳಿಸುವಾಗ ಜೊತೆಗೆ ಇನ್‌ಸ್ಪೆಕ್ಷನ್ ರಿಪೋರ್ಟ್ ಇಟ್ಟಿದ್ದಾರಾ, ಅದೂ ಕೇಳದೆ. ತಡ ಆಗುವುದಾದರೆ ಎರಡು ದಿನ ಮೊದಲೇ ಫೋನ್ ಮಾಡುತ್ತಾರಾ. ಗೇಜ್‌ಗಳ ಕ್ಯಾಲಿಬ್ರೇಶನ್ (ಅಳತೆ ಸರಿ ಇದೆಯಾ ಅನ್ನುವ ಪರೀಕ್ಷೆ) ಅವಧಿ ಮುಗಿದಿದ್ದರೂ ಸುಮ್ನೆ ಬಳಸುವವರು ಎಷ್ಟು ಜನ ಅಂತ ಗೊತ್ತಾ? ಇವೆಲ್ಲ ಯಾವ ತಿಂಡಿ ಸಭೆಯಲ್ಲೂ ಕಲಿಸುವುದಿಲ್ಲ.

ಹೊಸ ವೆಂಡರ್ ನಮಗೆ ಹೇಗೆ ಗೊತ್ತಾಗುತ್ತಿದ್ದರು? ಹೀಟ್ ಟ್ರೀಟ್‌ಮೆಂಟ್‌ನವರಿಂದ, ಪ್ಲೇಟಿಂಗ್‌ನವರಿಂದ, ಟೂಲ್ ಮಾರುವ ಹುಡುಗರಿಂದ. ಇವರು ದಿನಕ್ಕೆ ಹತ್ತು ಗಾಳಾ ಸುತ್ತುತ್ತಾರೆ. ಯಾರ ಕೆಲಸ ಚೊಕ್ಕ, ಯಾರ ಮಷಿನ್ ಖಾಲಿ ಇದೆ, ಯಾರು ಟೂಲಿನ ದುಡ್ಡು ಆರು ತಿಂಗಳಾದರೂ ಕೊಟ್ಟಿಲ್ಲ, ಎಲ್ಲಾ ಅವರಿಗೆ ಗೊತ್ತು. ನಿಮಗೆ ಇನ್ಸರ್ಟ್ (ಲೋಹ ಕೊರೆಯುವ ಬಿಲ್ಲೆ) ಕೊಡುವ ಹುಡುಗನಿಗೆ ಒಂದು ಚಹಾ ಕೊಡಿಸಿ. ಅರವತ್ತು ಸಾವಿರದ ಗುಂಪಿಗಿಂತ ಅದು ನಿಮ್ಮ ಧಂಧೆಗೆ ಹತ್ತಿರ.

ಗಿರ್ಮಿಟ್
ಸರ್, ಟೂಲಿನ ದುಡ್ಡು ಆರು ತಿಂಗಳಾದರೂ ಕೊಡದವರು ಅಂದಾಗ ಭೋಸರಿ ಅಣ್ಣ ಸ್ವಲ್ಪ ಕೆಮ್ಮಿದ ಹಾಗೆ ಕೇಳಿಸಿತು.

ಭೋಸರಿ ಲೇತ್
ಆರು ತಿಂಗಳಲ್ಲ, ನಾಲ್ಕು. ನನಗೆ ಬರಬೇಕಾದ್ದು ಬಂದರೆ ತಾನೇ ನಾನು ಕೊಡುವುದು.

ಮಾಟುಂಗಾ ಮಾಣಿ
ನಮ್ಮವರು ನೆಟ್‌ವರ್ಕಿಂಗ್ ಅನ್ನುವ ಶಬ್ದ ಕೇಳುವ ಮೊದಲೇ ಅದನ್ನು ಮಾಡಿದವರು ಮಾರಾಯ್ರೇ. ನನ್ನ ಅಜ್ಜ ಕುಂದಾಪುರದಿಂದ ಬಂದದ್ದು ಹನ್ನೆರಡನೇ ವಯಸ್ಸಿಗೆ. ದೂರದ ಸಂಬಂಧದ ಮಾವನ ಹೋಟೆಲ್. ಮೊದಲು ಟೇಬಲ್ ಒರೆಸುವುದು, ಆಮೇಲೆ ಚಹಾ, ಆಮೇಲೆ ದೋಸೆ ಕಾವಲಿ, ಕೊನೆಗೆ ಗಲ್ಲಾ. ಗಲ್ಲಾದಲ್ಲಿ ಐದು ವರ್ಷ ಕೂತ ಮೇಲೆ ಅದೇ ಮಾವ ಜಾಮೀನು ನಿಂತು ಬೇರೊಂದು ಹೋಟೆಲನ್ನು ಕಂಡಕ್ಟಿಂಗ್‌ಗೆ, ಅಂದರೆ ಮಾಲೀಕರಿಗೆ ದುಡ್ಡು ಕಟ್ಟಿ ನಡೆಸಲು, ಕೊಡಿಸಿದರು.

ಅಜ್ಜ ಹಗಲು ಪ್ಲೇಟ್ ತೊಳೆದು ರಾತ್ರಿ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗೆ ಹೋದವರು. ಮುಂಬೈಯಲ್ಲಿ ಕ್ಯಾಂಟೀನ್ ಹುಡುಗರಿಗಾಗಿಯೇ ಕನ್ನಡ ರಾತ್ರಿ ಶಾಲೆಗಳು ಇದ್ದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಅವರೂ ರಾತ್ರಿ ಶಾಲೆ ನಡೆಸಿದರು. ಕೆಲಸ, ಸಾಲ, ಓದು, ಮೂರೂ ಒಂದೇ ಜಾಲದಲ್ಲಿ ಸಿಗುತ್ತಿತ್ತು. ಫೀಸು ಎಷ್ಟು? ಊರಿಂದ ಬರುವಾಗ ಒಂದು ಕಟ್ಟು ಹಪ್ಪಳ.

ನಾಡಗೀತೆ
ಮಾಣಿ ಸರ್, ಒಳ್ಳೆಯದನ್ನಷ್ಟೇ ಹೇಳಿದಿರಿ. ಹನ್ನೆರಡು ವರ್ಷದ ಹುಡುಗ ಪ್ಲೇಟ್ ತೊಳೆದದ್ದನ್ನು ಇವತ್ತು ನೆಟ್‌ವರ್ಕಿಂಗ್ ಅಂತ ಕರೆಯಬೇಕಾ? ಆ ಜಾಲ ಜಾತಿ, ಊರು, ಸಂಬಂಧ ನೋಡಿ ತೆರೆಯುತ್ತಿತ್ತು. ಕಲಬುರಗಿಯಿಂದ ಬಂದ ಕಟ್ಟಡ ಕೆಲಸದವರಿಗೆ ಯಾವ ಮಾವ ಜಾಮೀನು ನಿಂತಿದ್ದರು?

ಮಾಟುಂಗಾ ಮಾಣಿ
ಒಪ್ಪಿದೆ. ಅಜ್ಜನೂ ಆ ದಿನಗಳನ್ನು ಖುಷಿಯಿಂದ ಹೇಳುತ್ತಿರಲಿಲ್ಲ. ಕಾವಲಿ ತಾಗಿದ ಗಾಯದ ಕಲೆ ಕೈಮೇಲೆ ಹಾಗೇ ಇತ್ತು. ಆದರೆ ಕಲಿಸಿದರು ಅನ್ನುವುದು ಸತ್ಯ. ಈಗಿನ ಗುಂಪಿನಲ್ಲಿ ಚೀಟಿ ಕೊಡುತ್ತಾರೆ, ಕಲಿಸುವುದಿಲ್ಲ.

ಬೆಳಗಾವಿ ಕುಂದಾ
ಪುಣೆಯಲ್ಲಿ ಉದ್ಯಮ ಅಂದಮೇಲೆ ನಮ್ಮ ಬೆಳಗಾವಿಯ ಕಿರ್ಲೋಸ್ಕರರನ್ನು ನೆನೆಯದಿದ್ದರೆ ಹೇಗೆ? ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದವರು. ನಮ್ಮವರು!

ಠಾಣೆ ಲೋಕಲ್
ಶುರುವಾಯ್ತು. ಮನೆಮಾತು ಮರಾಠಿ ಇತ್ತು ಸ್ವಾಮಿ.

ಬೆಳಗಾವಿ ಕುಂದಾ
ಮಣ್ಣು ಯಾವುದು?

ರಿಟೈರ್ಡ್ ಪರ್ಚೇಸ್
ಇಬ್ಬರೂ ಗಡಿ ಜಗಳ ನಿಲ್ಲಿಸಿ. ಈ ಚರ್ಚೆಗೆ ಬೇಕಾದ ಸಂಗತಿ ಬೇರೆಯೇ ಇದೆ. ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಮೊದಲ ಎರಡು ವರ್ಷ ಮಾರಾಟವೇ ಆಗಲಿಲ್ಲ. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆ ಅಂತ ರೈತರು ನಂಬಿದ್ದರು. ಆಮೇಲೆ ಬೆಳಗಾವಿಯ ಜಾಗವೂ ಹೋಯಿತು. ಆಗ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ರಾಜರ ಪರಿಚಯ ಆದದ್ದು ಅವರ ಊರಿನಲ್ಲಿ ಕೆಲಸ ಮಾಡಿಕೊಡುತ್ತಾ. ಕೆಲಸ ಕಂಡವರು ಕೈಹಿಡಿದರು. ನಾನು ಟೂಲ್ ಹುಡುಗನ ಬಗ್ಗೆ ಹೇಳಿದ್ದೂ ಇದನ್ನೇ.

ಗಿರ್ಮಿಟ್
ಅಂದರೆ ಭೋಸರಿ ಅಣ್ಣ ಈಗ ಒಬ್ಬ ರಾಜನನ್ನು ಹುಡುಕಬೇಕು.

ವಾಸ್ಕೊ ಮಳೆ
ಗೋವಾದಿಂದ ಒಂದು ಮಾತು. ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನನ್ನದು ಪ್ಯಾಕಿಂಗ್ ಡಬ್ಬದ ಸಣ್ಣ ಘಟಕ. ಇಲ್ಲಿನ ಚೇಂಬರ್ ಆಫ್ ಕಾಮರ್ಸ್ ಪೋರ್ಚುಗೀಸರ ಕಾಲದ್ದು, 1908ರದ್ದು. ನಿಮ್ಮ ಪುಣೆಯ ಮರಾಠಾ ಚೇಂಬರ್ 1934ರದ್ದು, ಸೇನಾಪತಿ ಬಾಪಟ್ ರಸ್ತೆಯಲ್ಲಿ ದೊಡ್ಡ ಕಟ್ಟಡವೇ ಇದೆ. ಇಂಥ ಕಡೆ ರಫ್ತು ದಾಖಲೆ, ಜಿಎಸ್‌ಟಿ, ಕಾರ್ಮಿಕ ಕಾಯ್ದೆ ಅಂತ ಅರ್ಧ ದಿನದ ತರಗತಿಗಳು ಆಗುತ್ತಿರುತ್ತವೆ. ಕಲಿಯಬೇಕು ಅನ್ನುವವರು ಮೊದಲು ಅಲ್ಲಿಗೆ ಹೋಗಿ.

ನಾನು ಮೋಸ ಹೋದದ್ದನ್ನೂ ಹೇಳಿಬಿಡುತ್ತೇನೆ. 'ಎರಡು ದಿನದಲ್ಲಿ ರಫ್ತುದಾರರಾಗಿ' ಅನ್ನುವ ಒಂದು ಖಾಸಗಿ ತರಗತಿಗೆ ಹದಿನೆಂಟು ಸಾವಿರ ಕಟ್ಟಿದೆ. ಮೊದಲ ದಿನ ಆ ಮನುಷ್ಯನ ಜೀವನ ಕಥೆ. ಎರಡನೇ ದಿನ ಮಧ್ಯಾಹ್ನದವರೆಗೆ ಇನ್ನೂ ದುಬಾರಿಯ ಮುಂದಿನ ತರಗತಿಯ ಜಾಹೀರಾತು. ಊಟ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು.

ಜೋಳದ ರೊಟ್ಟಿ, ವಾಕಡ್
ವಾಸ್ಕೊ ಅಣ್ಣಾ, ನನ್ನ ಕಥೆಯೂ ಅದೇ ಜಾತಿ. ಉದ್ಯಮ್ ನೋಂದಣಿಗೆ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು) ಅಂತ ಯಾವುದೋ ವೆಬ್‌ಸೈಟಿನಲ್ಲಿ ಎರಡೂವರೆ ಸಾವಿರ ಕಟ್ಟಿದೆ. ಅದು ಪುಕ್ಕಟೆ ಅಂತ ಆಮೇಲೆ ಗೊತ್ತಾಯಿತು. ಸರ್ಕಾರದ ಸೈಟಿನ ಹಾಗೇ ಅಶೋಕ ಸ್ತಂಭ, ತಿರಂಗಾ ಎಲ್ಲಾ ಹಾಕಿಕೊಂಡಿದ್ದರು.

ಲೆಕ್ಕದ ಪುಸ್ತಕ
ಅಕ್ಕಾ, ನೀವೊಬ್ಬರೇ ಅಲ್ಲ. 2020ರ ಜುಲೈ 1ರಿಂದ ಉದ್ಯಮ್ ಬಂದಿದೆ. ಆಧಾರ್, ಪ್ಯಾನ್ ನಂಬರ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು, ಒಂದು ರೂಪಾಯಿ ಇಲ್ಲ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇಲ್ಲದಿದ್ದರೆ ಮುಚ್ಚಿಬಿಡಿ. 2025ರ ಏಪ್ರಿಲಿನಿಂದ ಮಿತಿಗಳೂ ಏರಿವೆ. ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ದಾಟದಿದ್ದರೆ ಅತಿ ಸಣ್ಣ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿವರೆಗೆ ಸಣ್ಣ.

ಭೋಸರಿಯವರೇ, ನಿಮಗೆ ಎರಡು ಪ್ರಶ್ನೆ. ಉದ್ಯಮ್ ಇದೆಯಾ? ದೊಡ್ಡ ಗಿರಾಕಿ ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ?

ಭೋಸರಿ ಲೇತ್
ಉದ್ಯಮ್ ಇದೆ, ಬ್ಯಾಂಕಿನವರು ಮಾಡಿಸಿದ್ದರು. ದುಡ್ಡು 90 ದಿನಕ್ಕೆ ಅಂತ ಪಿಒದಲ್ಲೇ (ಖರೀದಿ ಆದೇಶ) ಬರೆದಿರುತ್ತದೆ. ಬರುವುದು 110, 120ಕ್ಕೆ.

ಲೆಕ್ಕದ ಪುಸ್ತಕ
ಪಿಒದಲ್ಲಿ 90 ಬರೆದರೂ ಕಾನೂನಿಗೆ ಅದು ಲೆಕ್ಕಕ್ಕಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳದ್ದು) 15ನೇ ಸೆಕ್ಷನ್ ನೋಡಿ. ಲಿಖಿತ ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನ, ಒಪ್ಪಂದ ಇಲ್ಲದಿದ್ದರೆ 15. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಇನ್ನೊಂದು ಹಿಡಿತ ಆದಾಯ ತೆರಿಗೆಯಲ್ಲಿ ಬಂತು, 43ಬಿ(ಎಚ್) ಸೆಕ್ಷನ್. 2023-24ರ ಲೆಕ್ಕದ ವರ್ಷದಿಂದ. ಗಡುವಿನೊಳಗೆ ಕೊಡದೆ ವರ್ಷದ ಕೊನೆಗೂ ಬಾಕಿ ಇಟ್ಟರೆ, ಆ ಖರ್ಚನ್ನು ಗಿರಾಕಿ ಆ ವರ್ಷ ತೋರಿಸುವ ಹಾಗಿಲ್ಲ. ಹಾಗಾಗಿ ಮಾರ್ಚ್ ಬಂದರೆ ದೊಡ್ಡವರ ಅಕೌಂಟ್ಸ್ ವಿಭಾಗಕ್ಕೆ ನಮ್ಮಂಥವರ ನೆನಪಾಗುತ್ತದೆ.

ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಅಚ್ಚಾಗಿದೆಯಾ ನೋಡಿ. ನೂರಕ್ಕೆ ಎಷ್ಟು ಜನ ಹಾಕುವುದಿಲ್ಲ ಅಂತ ಹೇಳುವುದಿಲ್ಲ, ಆದರೆ ನನ್ನ ಟೇಬಲ್ಲಿಗೆ ಬರುವ ಬಿಲ್ಲುಗಳಲ್ಲಿ ಅದು ಇರುವುದೇ ಅಪರೂಪ.

ಠಾಣೆ ಲೋಕಲ್
ಇದೆಲ್ಲಾ ಪುಸ್ತಕದಲ್ಲಿ ಚೆಂದ. ನನಗೆ ಒಂದು ಕಂಪನಿ 'ನಾನು ಎಂಎಸ್‌ಎಂಇ ಅಲ್ಲ' ಅಂತ ಬರೆದುಕೊಡಿ ಅಂದಿತ್ತು. ಕೊಡದಿದ್ದರೆ ಮುಂದಿನ ಪಿಒ ಇಲ್ಲ. ಬರೆದುಕೊಟ್ಟೆ. ಮನೆ ನಡೆಯಬೇಕಲ್ಲ. ಬಾಕಿ ವಸೂಲಿಗೆ ಸರ್ಕಾರದ ಪೋರ್ಟಲಿನಲ್ಲಿ ಕೇಸ್ ಹಾಕಿದರೆ ದುಡ್ಡು ಬರಬಹುದು, ಗಿರಾಕಿ ಹೋಗುತ್ತಾನೆ.

ಲೆಕ್ಕದ ಪುಸ್ತಕ
ಹಾಗಾಗುವುದಿಲ್ಲ ಅನ್ನಲಾರೆ. ಈ ಕೇಸ್ ಕೇಳುವ ಕೌನ್ಸಿಲ್ 90 ದಿನದಲ್ಲಿ ತೀರ್ಮಾನ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ, ನಡೆಯುವುದು ಬೇರೆ. ಆದರೆ ತೀರ್ಪು ನಿಮ್ಮ ಕಡೆ ಬಂದರೆ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಗಿರಾಕಿ ಮೊದಲು 75 ಪರ್ಸೆಂಟ್ ದುಡ್ಡು ಕಟ್ಟಬೇಕು. ಹೇಗೂ ಬಿಟ್ಟುಹೋದ ಗಿರಾಕಿಯ ಹಳೇ ಬಾಕಿಗೆ ಈ ದಾರಿ ಸರಿ. ಇವತ್ತು ಕೆಲಸ ಕೊಡುತ್ತಿರುವವರ ಹತ್ತಿರ ಟ್ರೆಡ್ಸ್ ಅನ್ನುವ ಆನ್‌ಲೈನ್ ವೇದಿಕೆಯ ಬಗ್ಗೆ ಕೇಳಿ. 250 ಕೋಟಿ ಮೇಲಿನ ವಹಿವಾಟಿನ ಕಂಪನಿಗಳು ಅದರಲ್ಲಿ ನೋಂದಣಿ ಆಗಲೇಬೇಕು ಅಂತ 2024ರ ನವೆಂಬರಿನಲ್ಲಿ ಆದೇಶ ಬಂದಿದೆ. ಗಿರಾಕಿ ಬಿಲ್ ಒಪ್ಪಿದರೆ ಬ್ಯಾಂಕು ನಿಮಗೆ ಮುಂಚೆಯೇ ದುಡ್ಡು ಕೊಡುತ್ತದೆ, ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳುತ್ತದೆ. ಜಗಳ ಇಲ್ಲ.

ರಿಟೈರ್ಡ್ ಪರ್ಚೇಸ್
ನೋಂದಣಿ ಆಗಿರುತ್ತಾರೆ, ಬಿಲ್ ಒಪ್ಪುವುದಿಲ್ಲ. ನಾವೂ ಹಾಗೇ ಮಾಡುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ.

ವಾಸ್ಕೊ ಮಳೆ
ಸರ್, ನಿಮ್ಮ ಮೇಲೆ ಗೌರವ ಇತ್ತು.

ಲೆಕ್ಕದ ಪುಸ್ತಕ
ಭೋಸರಿಯವರೇ, ಇನ್ನೂ ಒಂದು ಪ್ರಶ್ನೆ. ವಿಎಂಸಿಗೆ ಗಂಟೆಗೆ ಎಷ್ಟು ತೆಗೆದುಕೊಳ್ಳುತ್ತೀರಿ? ಆ ನಂಬರ್ ಎಲ್ಲಿಂದ ಬಂತು?

ಭೋಸರಿ ಲೇತ್
450. ಪಕ್ಕದ ಗಾಳಾದವರು 450 ತೆಗೆದುಕೊಳ್ಳುತ್ತಾರೆ, ಅದಕ್ಕೆ. ಆದರೂ ಒಂದು ಸಲ ಲೆಕ್ಕ ಹಾಕಿದ್ದೆ. ಒಂದು ಮಷಿನ್ 30 ಲಕ್ಷ, ಏಳು ವರ್ಷ ಅಂದರೆ ವರ್ಷಕ್ಕೆ 4.28 ಲಕ್ಷ. ಬಡ್ಡಿ 1.5 ಲಕ್ಷ. ಎರಡು ಪಾಳಿಗೆ ಇಬ್ಬರು ಆಪರೇಟರ್, ತಲಾ 22 ಸಾವಿರ, ವರ್ಷಕ್ಕೆ 5.28 ಲಕ್ಷ. ಬಾಡಿಗೆಯಲ್ಲಿ ಅರ್ಧ ಪಾಲು 1.5 ಲಕ್ಷ. ರಿಪೇರಿ 1 ಲಕ್ಷ. ಒಟ್ಟು 13.56 ಲಕ್ಷ. ವರ್ಷಕ್ಕೆ 300 ದಿನ, ದಿನಕ್ಕೆ 16 ಗಂಟೆ, 4800 ಗಂಟೆ. ಗಂಟೆಗೆ 282 ಬಿತ್ತು. ಕರೆಂಟು 60, ಟೂಲು 50 ಸೇರಿ 392. ಹಾಗಾದರೆ 58 ರೂಪಾಯಿ ಲಾಭ ಅಲ್ವಾ?

ಲೆಕ್ಕದ ಪುಸ್ತಕ
ಮಷಿನ್ ನಿಜವಾಗಿ 4800 ಗಂಟೆ ಲೋಹ ಕೊರೆಯುತ್ತದಾ? ಸೆಟ್ಟಿಂಗ್ (ಹೊಸ ಕೆಲಸಕ್ಕೆ ಮಷಿನ್ ಅಣಿ ಮಾಡುವುದು), ಮೆಟೀರಿಯಲ್ ಕಾಯುವುದು, ಆಪರೇಟರ್ ಊರಿಗೆ ಹೋಗಿದ್ದು, ಕರೆಂಟ್ ಹೋಗಿದ್ದು, ಲೈನ್ ನಿಂತಿದ್ದು?

ಭೋಸರಿ ಲೇತ್
ಅರವತ್ತು ಪರ್ಸೆಂಟ್ ಓಡಬಹುದು.

ಲೆಕ್ಕದ ಪುಸ್ತಕ
ಅಂದರೆ 2880 ಗಂಟೆ. 13.56 ಲಕ್ಷವನ್ನು ಅದರಿಂದ ಭಾಗಿಸಿ. 471. ಮೇಲೆ 110 ಸೇರಿಸಿ. 581. ನಿಮ್ಮ ಸಂಬಳ ಎಲ್ಲಿದೆ? ತಿಂಗಳಿಗೆ 40 ಸಾವಿರ ಅಂತ ಇಟ್ಟು ಎರಡು ಮಷಿನ್‌ಗೆ ಹಂಚಿದರೆ ಗಂಟೆಗೆ ಇನ್ನೂ 83. ಒಟ್ಟು 664. ನೀವು 450ಕ್ಕೆ ಮಾಡುತ್ತಿದ್ದೀರಿ.

ಗಿರ್ಮಿಟ್
ಯಪ್ಪಾ.

ಭೋಸರಿ ಲೇತ್
ಒಂದು ನಿಮಿಷ. ಹಾಗಾದರೆ ಎಂಟು ವರ್ಷ ನಾನು ಏನು ತಿಂದೆ?

ರಿಟೈರ್ಡ್ ಪರ್ಚೇಸ್
ನಿಮ್ಮ ಮಷಿನನ್ನೇ ತಿಂದಿರಿ. ಸವಕಳಿಯ ದುಡ್ಡು ಮನೆ ಖರ್ಚಿಗೆ ಹೋಯಿತು. ಮಷಿನ್ ಬದಲಾಯಿಸುವ ವರ್ಷ ಬಂದಾಗ ಗೊತ್ತಾಗುತ್ತಿತ್ತು. ಒಂದು ಗುಟ್ಟು ಹೇಳುತ್ತೇನೆ. ನಾವು ಪರ್ಚೇಸ್‌ನವರು ಪ್ರತಿ ಭಾಗಕ್ಕೂ ಗಂಟೆಯ ಲೆಕ್ಕ ಹಾಕಿಯೇ ಕೂರುತ್ತಿದ್ದೆವು. ನಿಮ್ಮ ಕೊಟೇಶನ್ ನಮ್ಮ ಲೆಕ್ಕಕ್ಕಿಂತ ಕಡಿಮೆ ಬಂದರೆ ಬಾಯಿ ಮುಚ್ಚಿಕೊಂಡು ಸಹಿ ಹಾಕುತ್ತಿದ್ದೆವು.

ಜೋಳದ ರೊಟ್ಟಿ, ವಾಕಡ್
ನಾನೂ ಇದನ್ನು ಓದಿ ಎದ್ದು ಹೋಗಿ ಲೆಕ್ಕ ಹಾಕಿದೆ. ಗ್ಯಾಸು, ಹಿಟ್ಟು, ಹೆಂಗಸರ ಕೂಲಿ ಎಲ್ಲಾ ಬರೆದಿದ್ದೆ. ಮುರಿದ ರೊಟ್ಟಿ ಬರೆದಿರಲಿಲ್ಲ. ಕಡಕ್ ರೊಟ್ಟಿ ನೂರು ಪ್ಯಾಕ್ ಮಾಡಿದರೆ ಏಳೆಂಟು ಮುರಿಯುತ್ತವೆ. ಅವನ್ನು ಮನೆಯಲ್ಲಿ ತಿನ್ನುತ್ತೇವೆ ಅಂತ ಸುಮ್ನಿದ್ದೆ.

ಠಾಣೆ ಲೋಕಲ್
450 ಇದ್ದದ್ದನ್ನು 664 ಮಾಡಿದರೆ ನಾಳೆಯೇ ಪಕ್ಕದ ಗಾಳಾಕ್ಕೆ ಕೆಲಸ ಹೋಗುತ್ತದೆ. ಲೆಕ್ಕದ ಸರ್ ಬಂದು ಬಾಡಿಗೆ ಕಟ್ಟುತ್ತಾರಾ?

ಲೆಕ್ಕದ ಪುಸ್ತಕ
ನಾಳೆಯೇ 664 ಕೇಳಿ ಅಂದೆನಾ? ಗಂಟೆ ಜಾಸ್ತಿ ಓಡಿಸುವುದೂ ಒಂದು ದಾರಿ. 60 ಇದ್ದದ್ದು 75 ಪರ್ಸೆಂಟ್ ಆದರೆ ರೇಟ್ ಮುಟ್ಟದೆಯೇ ಖರ್ಚು 553ಕ್ಕೆ ಇಳಿಯುತ್ತದೆ, ನಿಮ್ಮ ಸಂಬಳವೂ ಸೇರಿ. ಸೆಟ್ಟಿಂಗ್ ಸಮಯ ಇಳಿಸುವುದನ್ನು ಕಲಿಸಲು ಸರ್ಕಾರದ ಲೀನ್ ಯೋಜನೆ ಇದೆ, ಸಲಹೆಗಾರರ ಖರ್ಚಿನಲ್ಲಿ 90 ಪರ್ಸೆಂಟ್ ಸರ್ಕಾರದ್ದು. ಝಡ್ ಅನ್ನುವ ಗುಣಮಟ್ಟದ ಸರ್ಟಿಫಿಕೇಟಿಗೆ ಅತಿ ಸಣ್ಣವರಿಗೆ 80 ಪರ್ಸೆಂಟ್ ರಿಯಾಯಿತಿ. ಮಹಿಳೆಯರ ಉದ್ಯಮಕ್ಕೆ ಪೂರ್ತಿ. ರೊಟ್ಟಿ ಅಕ್ಕಾ, ನೋಡಿದಿರಾ?

ನಾಡಗೀತೆ
ನೋಡಿ, ಅರವತ್ತು ಸಾವಿರ ಕಟ್ಟದೆ ಒಂದು ರಾತ್ರಿಯಲ್ಲಿ ಇಷ್ಟು ಗೊತ್ತಾಯಿತು. ಭೋಸರಿಯವರು ಕೇಳಿದ ಎರಡನೇ ಪ್ರಶ್ನೆ ಮರೆತೇ ಹೋಯಿತಲ್ಲ. ನಮ್ಮದೇ ಗುಂಪು?

ಬೆಳಗಾವಿ ಕುಂದಾ
ಮಾಡೋಣ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಉದ್ಘಾಟನೆಗೆ ಯಾರಾದರೂ ಮಂತ್ರಿ.

ಮಾಟುಂಗಾ ಮಾಣಿ
ಬೇಡವೇ ಬೇಡ. ಮುಂಬೈಯಲ್ಲಿ ಸಂಘ ಕಟ್ಟುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರಿಂದ ಇದೆ, ಒಂದೊಂದು ಸಮಾಜಕ್ಕೂ ಒಂದು ಸಂಘ, ಒಂದು ಸಭಾಭವನ. ನಾಟಕ, ತಾಳಮದ್ದಳೆ ಚೆನ್ನಾಗಿ ನಡೆಯುತ್ತವೆ. ಧಂಧೆಯ ಲೆಕ್ಕ ವೇದಿಕೆ ಮೇಲೆ ಬಿಚ್ಚಿಡುವವರು ಯಾರು? ಶಾಲು ಹೊದೆಸಿಕೊಂಡವನು 'ನನಗೆ ನಷ್ಟ ಆಗ್ತಾ ಉಂಟು' ಅನ್ನುತ್ತಾನಾ?

ರಿಟೈರ್ಡ್ ಪರ್ಚೇಸ್
ಇದು ಸರಿಯಾದ ಮಾತು. ಹತ್ತು ಜನ ಮೀರಬಾರದು. ಪ್ರತಿ ಸಲ ಒಬ್ಬರ ಜಾಗದಲ್ಲಿ ಸೇರುವುದು, ಅವರು ತಮ್ಮ ಒಂದು ಲೆಕ್ಕ ತೆಗೆದಿಡುವುದು, ಉಳಿದವರು ಬೈಯುವುದು. ನಾನು ಬರುತ್ತೇನೆ. ಬೇಕಾದರೆ ಪರ್ಚೇಸ್‌ನವನಾಗಿ ಎದುರು ಕೂರುತ್ತೇನೆ, ರೇಟ್ ಕೇಳುವ ಅಭ್ಯಾಸ ಮಾಡಿ.

ನಾಡಗೀತೆ
ಕನ್ನಡದವರಿಗೆ ಮಾತ್ರವಾ? ನನ್ನ ಪಾರ್ಟ್‌ನರ್ ಮರಾಠಿಯವರು.

ಜೋಳದ ರೊಟ್ಟಿ, ವಾಕಡ್
ಕರೆದುಕೊಂಡು ಬನ್ನಿ. ನಷ್ಟಕ್ಕೆ ಭಾಷೆ ಯಾವುದು?

ಭೋಸರಿ ಲೇತ್
ಹಾಗಾದರೆ ಮೊದಲ ಸಲ ನನ್ನ ಗಾಳಾದಲ್ಲೇ. ಗುರುವಾರ ಬೆಳಗ್ಗೆ ಹನ್ನೊಂದಕ್ಕೆ. ಎಂಐಡಿಸಿಗೆ ಗುರುವಾರ ರಜೆ, ಮಷಿನ್ ಸದ್ದು ಇರುವುದಿಲ್ಲ.

ಗಿರ್ಮಿಟ್
ನಾನು ಐಟಿ. ನನಗೆ ಗುರುವಾರ ರಜೆ ಅಂದರೆ ಮ್ಯಾನೇಜರ್ ನಗುತ್ತಾನೆ.

ಠಾಣೆ ಲೋಕಲ್
ಐಟಿಯವನಿಗೆ ಇಲ್ಲಿ ಏನು ಕೆಲಸ?

ಗಿರ್ಮಿಟ್
ಹೆಂಡತಿ ಇಳಕಲ್ ಸೀರೆ ಆನ್‌ಲೈನಿನಲ್ಲಿ ಮಾರುತ್ತಾಳೆ. ಕೊರಿಯರ್ ವಾಪಸ್ ಬಂದ ಖರ್ಚನ್ನು ಎಲ್ಲಿ ಬರೆಯಬೇಕು ಅಂತ ಕೇಳಬೇಕಿತ್ತು. ಅವಳನ್ನೇ ಕಳಿಸುತ್ತೇನೆ.

ಭೋಸರಿ ಲೇತ್ (ಹದಿನೇಳು ದಿನದ ನಂತರ)
ಕೇಳಿದವರಿಗೆಲ್ಲಾ ಒಟ್ಟಿಗೆ ಹೇಳುತ್ತೇನೆ. ಬರುತ್ತೇವೆ ಅಂದವರು ಹನ್ನೊಂದು, ಬಂದವರು ಐದು. ರಿಟೈರ್ಡ್ ಸರ್ ಕ್ಯಾಲಿಪರ್ ಹಿಡಿದು ಬಂದು ನನ್ನ ಗೇಜುಗಳನ್ನೇ ಮೊದಲು ನೋಡಿದರು. ಎರಡರ ಕ್ಯಾಲಿಬ್ರೇಶನ್ ಅವಧಿ ಮುಗಿದಿತ್ತು. ಎಲ್ಲರ ಎದುರು ಮಾನ ಹೋಯಿತು.

ಆಮೇಲೆ ಒಂದು ವಾರ ಎರಡೂ ಮಷಿನ್ ಪಕ್ಕ ಒಂದೊಂದು ವಹಿ ಕಟ್ಟಿ, ನಿಂತಾಗ ಯಾಕೆ ನಿಂತಿತು ಅಂತ ಬರೆಸಿದೆ. ಅರವತ್ತು ಅಂದುಕೊಂಡಿದ್ದೆ, ಬಂದದ್ದು 52 ಪರ್ಸೆಂಟ್. ಅಂದರೆ ನನ್ನ ಖರ್ಚು ಗಂಟೆಗೆ 750ರ ಹತ್ತಿರ. ಎರಡು ದಿನ ನಿದ್ದೆ ಬರಲಿಲ್ಲ. ಜಾಸ್ತಿ ಹೊತ್ತು ನಿಂತದ್ದು ಆರ್ಡರ್ ಇಲ್ಲದೆ ಅಲ್ಲ, ಸೆಟ್ಟಿಂಗಿಗೆ. ನಾನು ಬಂದು ಸೆಟ್ ಮಾಡಲಿ ಅಂತ ಹುಡುಗರು ಕಾಯುತ್ತಾ ಕೂರುತ್ತಾರೆ. ನಾನು ಆ ಹೊತ್ತಿಗೆ ಹೊಸ ಗಿರಾಕಿ ಹುಡುಕಲು ಹೊರಗೆ ಹೋಗಿರುತ್ತೇನೆ.

ಈಗ ಒಬ್ಬ ಹುಡುಗನಿಗೆ ಸೆಟ್ಟಿಂಗ್ ಕಲಿಸುತ್ತಿದ್ದೇನೆ. ಚಿಕ್ಕ ಗಿರಾಕಿಯೊಬ್ಬರಿಗೆ ಲೆಕ್ಕ ತೋರಿಸಿ 560 ಕೇಳಿದೆ, ಒಪ್ಪಿದರು. ದೊಡ್ಡವರು 'ನೋಡೋಣ' ಅಂದಿದ್ದಾರೆ. ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಹಾಕಿಸಿದೆ. ಅವರ ಅಕೌಂಟ್ಸ್‌ನಿಂದ ಫೋನ್ ಬಂತು, ಇದೇನು ಹೊಸದು ಅಂತ.

ಠಾಣೆ ಲೋಕಲ್
ನೀವು ಏನಂದಿರಿ?

ಭೋಸರಿ ಲೇತ್
ಪ್ರಿಂಟರ್ ಬದಲಾಯಿಸಿದೆ, ಅದರಲ್ಲಿ ತಾನಾಗೇ ಬರುತ್ತದೆ ಅಂದೆ.

ಜೋಳದ ರೊಟ್ಟಿ, ವಾಕಡ್
ಮುಂದಿನ ಗುರುವಾರ ನನ್ನ ಅಡುಗೆಮನೆಯಲ್ಲಿ. ಹನ್ನೊಂದೂವರೆ ಮೇಲೆ ಬನ್ನಿ, ಮೊದಲು ಬಂದರೆ ರೊಟ್ಟಿ ತಟ್ಟಲು ಕೂರಿಸುತ್ತೇನೆ. ಚಪ್ಪಲಿ ಹೊರಗೆ. ಮುರಿದ ರೊಟ್ಟಿಯೆಲ್ಲಾ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ, ವಾರಕ್ಕೆ ಎಷ್ಟು ಕಿಲೋ ಆಗುತ್ತದೆ ಅಂತ ನೀವೇ ತೂಕ ಮಾಡಿ.

ಗಿರ್ಮಿಟ್
ತೂಕ ಆದ ಮೇಲೆ ಅದಕ್ಕೆ ಮೊಸರು ನಾನು ತರುತ್ತೇನೆ. ರಜೆ ಹಾಕಿದ್ದೇನೆ.